ಗ್ರಹಣದ ದಿನದ ನೀರು

ಇಂದೂ,

ಇವತ್ತು ಏಳನೇ ಇಯತ್ತೆಗೆ ಗ್ರಹಣದ ಪಾಠ ಮಾಡಿದೆ. ಕಂದೀಲು ಸೂರ್ಯ, ಇಂಡಿ ಊರಿನ ಲಿಂಬೆಹಣ್ಣು ಭೂಮಿ, ನಡುವೆ ಹಿಡಿದ ಕಡಲೆಕಾಳು ಚಂದ್ರ. ಬರೀ ನೆರಳು ಎಂದೆ.

ಕಸ್ತೂರೆವ್ವ ಎಂಬ ಹುಡುಗಿ ಎದ್ದಳು. "ಸರ್, ನಮ್ಮಕ್ಕ ಬಸರಿ ಅದಾಳ್ರಿ. ನಾಳಿ ಗ್ರಹಣ ಬಿಡೂತನಕ ಹನಿ ನೀರ ಕೊಡಬ್ಯಾಡ ಅಂತಾಳ್ರಿ ನಮ್ಮಜ್ಜಿ."

"ತಂಬಗಿ ತುಂಬ ಕೊಡವ್ವ. ನೆರಳಿಗೇನ ಹಲ್ಲ ಅದಾವ?" ಎಂದೆ. ಮಕ್ಕಳು ನಕ್ಕರು.

ಅವಳು ಕೂಡಲಿಲ್ಲ. "ನಿಮ್ಮನಿ ಅಕ್ಕಾರು ಬಸರಿದ್ದಾಗ ನೀವು ಕೊಟ್ಟಿದ್ರೇನ್ರಿ?"

ಮೋರಟಗಿಯ ಮನೆಯಲ್ಲಿ, ಆ ಬೇಸಿಗೆಯ ಗ್ರಹಣದ ದಿನ, ತುಂಬು ಬಸುರಿ ನೀನು ಕೋಣೆಯೊಳಗಿಂದ ಮೂರು ಸಲ ನೀರು ಕೇಳಿದೆ. ಅವ್ವ ಹೊಸ್ತಿಲಲ್ಲಿ ಅಡ್ಡ ಕೂತಿದ್ದಳು. ನಾನು ಕಟ್ಟೆಯ ಮೇಲೆ ಕೂತು ಓಣಿಯವರಿಗೆ ಮಸಿ ಹಿಡಿಸಿದ ಗಾಜಿನಲ್ಲಿ ಸೂರ್ಯನನ್ನು ತೋರಿಸುತ್ತಿದ್ದೆ. ಕಾಲೇಜಿನಲ್ಲಿ ಉರುಹೊಡೆದ ಚಲನೆಯ ನಿಯಮ ಅರ್ಧ ನೆನಪಿದೆ: 'ಎವ್ರಿ ಬಾಡಿ ರಿಮೇನ್ಸ್ ಅಟ್ ರೆಸ್ಟ್, ಅನ್‌ಲೆಸ್...' ಮುಂದೇನೋ ಇತ್ತು. ಹೊರಗಿನಿಂದ ಯಾರಾದರೂ ನೂಕುವ ತನಕ ಕೂತದ್ದು ಕೂತೇ ಇರುತ್ತದೆ ಎಂಬರ್ಥ. ನಾನೂ ಕೂತೇ ಇದ್ದೆ.

ಮೂರನೇ ದಿನ ನೀನೂ ಕೂಸೂ ಹೋದಿರಿ. ಡಾಕ್ಟರು ಬೇರೆ ಕಾರಣ ಹೇಳಿದರು. ಆ ಕಾರಣವನ್ನು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಕಸ್ತೂರೆವ್ವ ಇನ್ನೂ ನಿಂತಿದ್ದಳು.

"ಕೊಟ್ಟಿದ್ದೆ ತಂಗಿ," ಎಂದೆ. "ಗಟಗಟ ಕುಡದು ನಕ್ಕಿದ್ದಳು."