ಪ್ರೂಫ್ ಆದ ಮೇಲೆ ಸೇರಿಸಿದ ಸಾಲು

ಮರಳೂರು, ತುಮಕೂರು
19 ನವೆಂಬರ್ 2025, ಬುಧವಾರ

ಪ್ರೀತಿಯ ಅಂಬ್ರೀನ್ ಆಪಾಗೆ ನಿನ್ನ ತಂಗಿ ಅರ್ಜೂಳ ಸಲಾಂ.

ಎರಡು ದಿನದಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತಿಲ್ಲ. ಕ್ಷಮಿಸು. ಫೋನಿನಲ್ಲಾದರೆ ನಾನು ನಿನಗಿಂತ ಮೊದಲು ಅಳುತ್ತೇನೆ, ಆಗ ನೀನೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಅದಕ್ಕೇ ಬರೆದು ಅಮ್ಮಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಮನೆಯಲ್ಲಿ ಜಗಳವೆಲ್ಲ ಉರ್ದುವಿನಲ್ಲೇ ಆದರೂ ನಾವಿಬ್ಬರೂ ಓದಿದ್ದು ಕನ್ನಡ ಶಾಲೆಯಲ್ಲಿ. ಅಮ್ಮಿಗೆ ಈ ಅಕ್ಷರ ಬರುವುದಿಲ್ಲ ಅನ್ನುವುದು ಇವತ್ತು ಒಳ್ಳೆಯದೇ ಆಯಿತು. ಅವಳ ಮಂಡಿನೋವು ಈಗ ಪರವಾಗಿಲ್ಲ. ನಾಳೆ ಬೆಳಿಗ್ಗೆ ಕುಣಿಗಲ್ ಬಸ್ಸಿನಲ್ಲಿ ಕೂರಿಸುತ್ತೇನೆ, ನೀನು ಸ್ಟ್ಯಾಂಡಿಗೆ ಬಾ.

ಸೋಮವಾರ ಫ್ಯಾಕ್ಟರಿ ಆಫೀಸಿಗೆ ನಿನ್ನನ್ನು ಕರೆಸಿದರು ಅಂತ ಅಮ್ಮಿ ಹೇಳಿದಳು. 'ನಾನು ಹಾಗೆ ಹೇಳಿಲ್ಲ, ನನ್ನ ತಂಗಿ ಕಟ್ಟಿದ ಕತೆ' ಅಂತ ಬರೆದುಕೊಡಬೇಕು, ಇಲ್ಲದಿದ್ದರೆ ಬರುವ ಸೋಮವಾರದಿಂದ ಗೇಟಿನೊಳಗೆ ಬಿಡುವುದಿಲ್ಲ ಅಂದರಂತೆ. "ವಿಡಿಯೋದಲ್ಲಿ ಮುಖ ಇಲ್ಲ, ಹೆಸರಿಲ್ಲ. ಇವರಿಗೆ ಹೆಂಗೆ ಗೊತ್ತಾಯ್ತು ಅಂತ ಅವಳನ್ನ ಕೇಳಮ್ಮಿ" ಅಂದೆಯಂತೆ ನೀನು.

ನಾನೇ ಹೇಳಿದೆ, ಆಪಾ.

ಹೋದ ಶನಿವಾರ ಗುಬ್ಬಿ ರಸ್ತೆಯ ಹೋಟೆಲೊಂದರಲ್ಲಿ ಸೋಷಿಯಲ್ ಮೀಡಿಯಾ ಮಾರ್ಕೆಟಿಂಗ್ ಸಮ್ಮೇಳನ ಇತ್ತು. ನನ್ನ ಪೇಜಿನಲ್ಲಿ ನೀನು ಫ್ಯಾಕ್ಟರಿಯ ಕಷ್ಟ ಹೇಳಿಕೊಂಡ ವಿಡಿಯೋವನ್ನು ಒಂಬತ್ತು ಲಕ್ಷ ಜನ ನೋಡಿದರಲ್ಲ, ಅದಕ್ಕೆ ಪ್ಯಾನೆಲಿನಲ್ಲಿ ಮಾತಾಡಲು ಕರೆದಿದ್ದರು. ಎದುರಾಳಿಯ ವೇದಿಕೆಯನ್ನೂ ಬಿಟ್ಟುಕೊಡಬಾರದು ಅಂತ ಯಾವುದೋ ಸಂಘದ ಕರಪತ್ರದ ಪ್ರೂಫ್ ತಿದ್ದುವಾಗ ಓದಿದ್ದೆ. ನಿನಗೆ ಗೊತ್ತಲ್ಲ, ಸದಾಶಿವಯ್ಯನವರ ಪ್ರೆಸ್ಸಿಗೆ ಬರುವ ಕರಪತ್ರಗಳೇ ನನ್ನ ಕಾಲೇಜು. ಹೋಗಿ ಈ ಮಾರ್ಕೆಟಿಂಗಿನವರ ಮುಖಕ್ಕೇ ಹೇಳಿ ಬರುತ್ತೇನೆ ಅಂದುಕೊಂಡು ಹೊರಟೆ.

ಬಾಗಿಲಲ್ಲೇ ಕೊರಳಿಗೆ ಒಂದು ಕಾರ್ಡ್ ತೂಗುಹಾಕಿದರು. ನನ್ನ ಹೆಸರಿನ ಕೆಳಗೆ 'ಎಮೋಷನಲ್ ಕಂಟೆಂಟ್' ಎಂದಿತ್ತು. ಆಗಲೇ ಕಿತ್ತು ಬಿಸಾಡಿ ಬರಬೇಕಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಅಲ್ಲಿ ಹೇಳಿಕೊಟ್ಟದ್ದು ಇಷ್ಟೇ: ಬೆರಳು ಮುಂದಕ್ಕೆ ಜಾರುವುದರೊಳಗೆ ಜನರನ್ನು ಹೇಗೆ ಹಿಡಿಯಬೇಕು, ಹಿಡಿದ ಮೇಲೆ ಹೇಗೆ ಬಿಡಬಾರದು. ಹಸಿವು, ಭಯ, ತಾಯಿಪ್ರೀತಿ ಎಲ್ಲಕ್ಕೂ ಒಂದೊಂದು ಬಣ್ಣದ ಪಟ್ಟಿ ಗೀಚಿ ಪರದೆಯ ಮೇಲೆ ತೋರಿಸಿದರು. ಯಾವುದು ಹೆಚ್ಚು ಓಡುತ್ತದೆ ಅಂತ. ಊಟಕ್ಕೆ ಪನೀರ್ ಇತ್ತು. ತಟ್ಟೆಯನ್ನು ಹಾಗೇ ಇಟ್ಟು ಬಂದೆ.

ಪ್ಯಾನೆಲಿನಲ್ಲಿ ನನ್ನ ಪಕ್ಕ ದಯಾನಂದ ಅನ್ನುವವನು. ಚಿನ್ನದ ಅಂಗಡಿ, ಕೋಚಿಂಗ್ ಸೆಂಟರ್, ಕಲ್ಯಾಣಮಂಟಪ ಹೀಗೆ ಊರಿನ ಅರ್ಧ ಪೇಜುಗಳನ್ನು ನೋಡಿಕೊಳ್ಳುವ ಏಜೆನ್ಸಿಯ ಮಾಲೀಕ. ಸಮ್ಮೇಳನ ನಡೆಸುತ್ತಿದ್ದವನೂ ಅವನೇ. ಪ್ರಶ್ನೆ ಕೇಳುವವಳು ಶಿಲ್ಪಾ, ಸೀರೆ ವಿಡಿಯೋಗಳಿಂದ ಹೆಸರಾದವಳು. ನಿನ್ನ ವಿಡಿಯೋವನ್ನು ಗೋಡೆಯಗಲಕ್ಕೆ ಹಾಕಿದರು. ನಿನ್ನ ಕೈಗಳು ನನಗಿಂತ ದೊಡ್ಡದಾಗಿ ಕಂಡವು.

"ಹನ್ನೊಂದನೇ ಸೆಕೆಂಡಲ್ಲಿ ಆಯಮ್ಮನ ಕೈ ಹೊಲಿಗೆ ಮಿಷನ್ ಮೇಲೆ ನಿಂತುಬಿಡ್ತದಲ್ಲ ಮೇಡಂ, ಸೂಪರ್. ಅಲ್ಲೇ ಜನ ಲಾಕ್ ಆಗೋದು" ಅಂದ ದಯಾನಂದ. "ಎಷ್ಟು ಟೇಕ್ ತಗೊಂಡ್ರಿ?"

ನಿನ್ನ ಕೈ ಯಾಕೆ ನಿಂತಿತು ಅಂತ ನನಗೆ ಗೊತ್ತು. ಟಾಯ್ಲೆಟ್ಟಿಗೆ ಹೋಗುವ ಟೋಕನ್ ಸಿಗದೆ ಕೂತಲ್ಲೇ ಬಟ್ಟೆ ಒದ್ದೆಯಾದ ಆ ದಿನದ ಮಾತು ನಾಲಿಗೆಗೆ ಬಂದಾಗ ನಿಂತಿತು.

"ಒಂದೇ ಸಲ" ಅಂದೆ.

"ಸುಮ್ನಿರಿ ಮೇಡಂ. ಇಷ್ಟು ನೀಟಾಗಿ ಯಾರೂ ಒಂದೇ ಸಲಕ್ಕೆ ನೊಂದ್ಕೊಳಲ್ಲ."

ಸಭೆ ನಕ್ಕಿತು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. "ನಮ್ದು ಗುಬ್ಬಿ ಮೇಡಂ, ಗಾಣದ ಕೊಬ್ಬರಿ ಎಣ್ಣೆ. ನಮ್ಗೂ ಇಂಥ ಒಬ್ರು ಹೆಂಗ್ಸು ಬೇಕಾಗಿತ್ತು. ಒಸಿ ಕಣ್ಣಲ್ಲಿ ನೀರಾಕ್ಕೊಂಡು ತಲೆಗೆ ಎಣ್ಣೆ ಹಚ್ಕೊಂಡ್ರೆ ಸಾಕು. ಎಲ್ಲಿ ಸಿಗ್ತಾರೆ?"

"ನೋಡ್ರಪ್ಪ, ಪ್ಯಾನೆಲ್ ಮುಗಿಯೋಕೆ ಮುಂಚೆನೇ ಆರ್ಡರ್ ಬಂತು" ಅಂದಳು ಶಿಲ್ಪಾ. ಮತ್ತೆ ನಗು. ಆ ಮನುಷ್ಯ ಕೆಟ್ಟವರಲ್ಲ, ಅದೇ ಹೆಚ್ಚು ಅಸಹ್ಯ. ನಿಜವಾಗಿಯೂ ವಿಳಾಸ ಬರೆದುಕೊಳ್ಳಲು ಪೆನ್ನು ತೆಗೆದಿದ್ದರು.

ಆಗ ನಾನು ಮೈಕ್ ಹಿಡಿದೆ. "ಅವಳು ಬಾಡಿಗೆಗೆ ಸಿಗೋಳಲ್ಲ. ನನ್ನ ಅಕ್ಕ. ಅಂಬ್ರೀನ್. ಕುಣಿಗಲ್ ಹತ್ರ ಗಾರ್ಮೆಂಟ್ಸಲ್ಲಿ, ನಾಲ್ಕನೇ ಲೈನಲ್ಲಿ ಕಾಲರ್ ಹೊಲೀತಾಳೆ. ಐವತ್ತು ಹೆಂಗಸರಿಗೆ ಎರಡೇ ಟೋಕನ್" ಅಂದೆ. ಸಿಟ್ಟಿನಲ್ಲಿ ಬಾಯಿ ತಪ್ಪಿ ಬಂದುಹೋಯಿತು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು, ಎಲ್ಲರಿಗಿಂತ ಜೋರಾಗಿ ದಯಾನಂದ. ಸಂಜೆಯೊಳಗೆ ಆ ತುಣುಕನ್ನು ಕತ್ತರಿಸಿ ಅವನ ಏಜೆನ್ಸಿಯ ಪೇಜಿನಲ್ಲಿ ಹಾಕಿದ, ಕೆಳಗೆ ಅವನ ಫೋನ್ ನಂಬರ್ ಸಮೇತ. ನಿನ್ನ ಫ್ಯಾಕ್ಟರಿಯವರು ನೋಡಿದ್ದು ಅದನ್ನೇ.

ತೆಗೆಯಿರಿ ಅಂತ ಫೋನ್ ಮಾಡಿದೆ. "ಫಾರಂಗೆ ಸೈನ್ ಮಾಡಿದೀರಲ್ಲ ಮೇಡಂ" ಅಂದ. ಹೌದು, ವಿಡಿಯೋ ಬಳಸಿಕೊಳ್ಳಬಹುದು ಅನ್ನುವ ಫಾರಂಗೆ ಬಾಗಿಲಲ್ಲೇ ಮಾಡಿದ್ದೆ. ಓದದೆ. ಹೊಟ್ಟೆಪಾಡಿಗೆ ಪ್ರೂಫ್ ಓದುವವಳು ನಾನು.

ಸದಾಶಿವಯ್ಯನವರಿಗೆ ನಿನ್ನೆ ಎಲ್ಲ ಹೇಳಿದೆ. ಅವರ ಪ್ರೆಸ್ಸಿನಲ್ಲಿ ಗಿರಾಕಿ ಪ್ರೂಫ್ ಓದಿ ಸಹಿ ಹಾಕದೆ ಮಿಷನ್ ತಿರುಗುವುದಿಲ್ಲ. ತೀರಿಹೋದವರ ಶಿವಗಣಾರಾಧನೆಯ ಕಾರ್ಡಾದರೂ ಸರಿ, ಅಳುತ್ತಾ ಬಂದವರನ್ನು ಕೂರಿಸಿ, ನೀರು ಕೊಟ್ಟು, ಓದಿ ಹೇಳಿ ಸಹಿ ಹಾಕಿಸಿಕೊಳ್ಳುತ್ತಾರೆ. ನಾನು ನಿನ್ನ ಜೊತೆ ಮಾಡಿಕೊಂಡಿದ್ದೂ ಅದನ್ನೇ. ಮುಖ ಬೇಡ, ಹೆಸರು ಬೇಡ ಅಂದಿದ್ದೆ ನೀನು. ಲೈನಿನವರು ಗುರುತು ಹಿಡಿದಾರು ಅಂತ ರೆಕಾರ್ಡ್ ಮಾಡುವ ಮುಂಚೆ ನಿನ್ನ ಬಳೆ ಕೂಡ ಬಿಚ್ಚಿಟ್ಟೆ. ಆಮೇಲೆ ನೀನೇ ಮೂರು ಸಲ ನೋಡಿ "ಹಾಕು" ಅಂದೆ. ಇದನ್ನೆಲ್ಲ ಕೇಳಿ ಅವರು ಕನ್ನಡಕ ತೆಗೆದರು. "ಪ್ರೂಫ್ ಓಕೆ ಆದ್ಮೇಲೆ ಒಂದು ಲೈನ್ ಸೇರಿಸ್ಬುಟ್ಟಲ್ಲವ್ವಾ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ಸೋಮವಾರದ ವಿಷಯ. ಸಹಿ ಹಾಕಬೇಡ, ಎದ್ದು ನಿಲ್ಲು ಅಂತ ಬರೆಯಲು ನನ್ನ ಕೈ ತುಡಿಯುತ್ತದೆ. ಅಂಥ ಸಾಲುಗಳನ್ನು ನೂರು ಸಲ ತಿದ್ದಿದ್ದೇನೆ. ಆದರೆ ಬೆಳಿಗ್ಗೆ ಆ ಗೇಟಿನ ಮುಂದೆ ನಿಲ್ಲಬೇಕಾದವಳು ನೀನು. ಇದರ ಜೊತೆ ನನ್ನ ಕೈಬರಹದ ಇನ್ನೊಂದು ಹಾಳೆ ಇಟ್ಟಿದ್ದೇನೆ. 'ವಿಡಿಯೋದಲ್ಲಿ ಇರುವುದು ನಾನೇ ಕಟ್ಟಿದ ಮಾತು. ಅಕ್ಕನ ಹೆಸರನ್ನು ಅವಳನ್ನು ಕೇಳದೆ ಬಳಸಿದೆ.' ಮೊದಲ ಸಾಲು ಸುಳ್ಳು, ಎರಡನೆಯದು ನಿಜ. ಕೆಳಗೆ ಸಹಿ ಹಾಕಿದ್ದೇನೆ. ಬೇಕಾದರೆ ಆಫೀಸಿನಲ್ಲಿ ಕೊಡು, ಬೇಡವಾದರೆ ಹರಿದುಹಾಕು. ಊರೆಲ್ಲ ನನ್ನನ್ನು ಸುಳ್ಳಿ ಅಂದರೂ ನಾನು ತಿರುಗಿ ಮಾತಾಡುವುದಿಲ್ಲ. ನಿನ್ನ ಲೈನಿನ ಹೆಂಗಸರು ಜೊತೆಗೆ ನಿಲ್ಲುತ್ತೇವೆ ಅಂದರೆ ಅದನ್ನೂ ನೀನೇ ಯೋಚಿಸು. ಈ ಸಲ ನೀನು ನೋಡಿ 'ಸರಿ' ಅನ್ನದೆ ನನ್ನಿಂದ ಒಂದು ಅಕ್ಷರವೂ ಹೊರಗೆ ಹೋಗುವುದಿಲ್ಲ.

ಮಕ್ಕಳಿಗೆ ನನ್ನ ಮುತ್ತು. ದುಡಿಯುವ ನಿನ್ನ ಕೈಗಳನ್ನು ಅಲ್ಲಾಹ್ ತಣ್ಣಗಿಟ್ಟಿರಲಿ.

ನಿನ್ನ,
ಅರ್ಜೂ

ತಾ.ಕ.: ಮೇಲೆ 'ಸಿಟ್ಟಿನಲ್ಲಿ ಬಾಯಿ ತಪ್ಪಿ' ಅಂತ ಬರೆದಿದ್ದೇನೆ. ಅದನ್ನು ಹೊಡೆದುಹಾಕು. ಸಿಟ್ಟು ಇತ್ತು, ಆದರೆ ಬಾಯಿ ತಪ್ಪಲಿಲ್ಲ. ನಾನು ಮೈಕ್ ಹಿಡಿದಾಗ ಸಭೆಯಲ್ಲಿ ಅರ್ಧ ಜನ ಮೊಬೈಲ್ ನೋಡುತ್ತಿದ್ದರು. ನಿನ್ನ ಹೆಸರು ಹೇಳಿದರೆ ಇವರು ಕೇಳುತ್ತಾರೆ ಅಂತ ಅನ್ನಿಸಿತು. 'ನನ್ನ ಅಕ್ಕ' ಅಂದು ಸ್ವಲ್ಪ ನಿಲ್ಲಿಸಿದೆ. ಒಬ್ಬೊಬ್ಬರಾಗಿ ತಲೆ ಎತ್ತಿದರು. ಎಲ್ಲರೂ ಎತ್ತುವವರೆಗೆ ಕಾದೆ, ಆಪಾ. ಆಮೇಲೆ ಅಂಬ್ರೀನ್ ಅಂದೆ.