ಜರಡಿ ತೆರೆಯುತ್ತಿಲ್ಲ

ಮಾರ್ಚ್ 3, ಸೋಮವಾರ, ಬೆಳಿಗ್ಗೆ 10.20

ಮೂರನೇ ಸಲ ರೀಸ್ಟಾರ್ಟ್. ಅದೇ ರಾಗ, ಅದೇ ಹಾಡು — 'ಈ ಪ್ಲಗಿನ್ ಹೊಸ ಆವೃತ್ತಿಗೆ ಹೊಂದುವುದಿಲ್ಲ.' ನಿನ್ನೆ ಕಂಪ್ಯೂಟರಿಗೆ ಅಪ್‌ಡೇಟ್ ಹಾಕಿದೆ. ಉಳಿದ ಪ್ಲಗಿನ್‌ಗಳೆಲ್ಲ ಎದ್ದು ಕೂತಿವೆ, ಜರಡಿ ಮಾತ್ರ ಏಳುತ್ತಿಲ್ಲ. ಮಾತಿನ ಹಿಂದಿನ ಗದ್ದಲ ಸೋಸಲೆಂದು ತಮ್ಮ ನನಗೆ ಬರೆದುಕೊಟ್ಟ ಪುಟ್ಟ ಸಾಫ್ಟ್‌ವೇರ್. ಹೆಸರೂ ಅವನೇ ಇಟ್ಟಿದ್ದು.

ಗಡಿಯಾರ ರಿಪೇರಿಯವರ ಸಂದರ್ಶನದ ಧ್ವನಿ ಸೋಸಿ ಶುಕ್ರವಾರ ಡೈರೆಕ್ಟರಿಗೆ ಕೊಡಬೇಕು. ಅಂಗಡಿಯಲ್ಲೇ ಕೂರಿಸಿ ರೆಕಾರ್ಡ್ ಮಾಡಿದ್ದಾರೆ ಪುಣ್ಯಾತ್ಮರು. ಸುತ್ತ ನಲವತ್ತು ಗಡಿಯಾರ. ಜರಡಿ ಇಲ್ಲದಿದ್ದರೆ ಅಂಗಡಿ ಯಜಮಾನರ ಮಾತಿಗಿಂತ ಟಿಕ್ ಟಿಕ್ಕೇ ಜೋರು.

ಮಧ್ಯಾಹ್ನ 3.00

ಅಳಿಸಿ ಮತ್ತೆ ಹಾಕಿದೆ. ಊಹೂಂ. ಬೇರೆ ಕಂಪನಿಯದೊಂದು ಟ್ರಯಲ್ ಹಾಕಿದೆ — ಟಿಕ್ ಹೋಯಿತು, ಜೊತೆಗೆ ಯಜಮಾನರ 'ಟ', 'ಕ'ಗಳೂ ಹೋದವು. ಹಲ್ಲಿಲ್ಲದವರಂತೆ ಕೇಳಿಸುತ್ತಾರೆ.

ಡೈರೆಕ್ಟರ್ ಫೋನ್. "ಮೇಡಂ, ಪ್ರಿಂಟ್ ತೆಗೆದಿಟ್ಟಿಲ್ವಾ?" ಅಪ್‌ಡೇಟಿಗೆ ಮುಂಚೆ ಸೋಸಿದ ಮಾತನ್ನು ಬೇರೆ ಫೈಲಾಗಿ ಪ್ರಿಂಟ್ ತೆಗೆದಿಡುವುದು ನಮ್ಮ ಕಸುಬಿನ ಅ ಆ ಇ ಈ.

"ಕೈತಪ್ಪಿ ಅಪ್‌ಡೇಟ್ ಒತ್ತಿಬಿಟ್ಟೆ ಸರ್."

"ಇಪ್ಪತ್ತು ವರ್ಷದ ಸರ್ವೀಸು ನಿಮ್ದು."

ಹೌದು.

ಮಾರ್ಚ್ 4

ತಮ್ಮನಿಗೆ ಫೋನ್ ಮಾಡಬೇಕು. ಮಾಡಲಿಲ್ಲ. ಸ್ಟುಡಿಯೊ ಗುಡಿಸಿದೆ. ಕೇಬಲ್‌ಗಳನ್ನೆಲ್ಲ ಬಿಚ್ಚಿ ಮತ್ತೆ ಸುತ್ತಿದೆ. ಇವತ್ತು ಬಾಯಿಬಿಟ್ಟು ಆಡಿದ್ದು ಒಂದೇ ಮಾತು, ಲಿಫ್ಟಿನವನ ಹತ್ತಿರ — "ನಾಲ್ಕು."

ಮಾರ್ಚ್ 5, ಬೆಳಿಗ್ಗೆ 9.00

ಮಾಡಿದೆ. ಅವನ ಹೆಂಡತಿ ಎತ್ತಿದಳು. "ಹೇಳಿ ಅಕ್ಕ… ಅವರು ಸ್ನಾನಕ್ಕೆ ಹೋಗಿದಾರೆ." ಹಿಂದೆಯೇ ಅವನ ಕೆಮ್ಮು. ನಲವತ್ತು ಗಡಿಯಾರದ ನಡುವೆ ಮಾತು ಹೆಕ್ಕುವವಳಿಗೆ ಆ ಕೆಮ್ಮು ಗೊತ್ತಾಗದೇ?

"ಜರಡಿ ಓಪನ್ ಆಗ್ತಿಲ್ಲ ಅಂತ ಹೇಳಮ್ಮ. ಶುಕ್ರವಾರ ಕೆಲಸ ಕೊಡ್ಬೇಕು."

"ಹೇಳ್ತೀನಿ ಅಕ್ಕ. ಊಟ ಆಯ್ತಾ?"

ಬೆಳಿಗ್ಗೆ ಒಂಬತ್ತಕ್ಕೆ ಊಟ. ಪಾಪ, ಅವಳಾದರೂ ಏನು ಮಾತಾಡಬೇಕು.

ಮೂರು ವರ್ಷವಾಯಿತು. ಜರಡಿಯನ್ನು ಮಾರಾಟಕ್ಕಿಡುತ್ತೇನೆ ಎಂದು ಅವನು ಸಂಭ್ರಮದಿಂದ ಹೇಳಿದಾಗ ಗೆಳೆಯರೆದುರೇ ನಕ್ಕಿದ್ದೆ. "ನನ್ನ ಬಿಟ್ಟು ಇದನ್ನ ಯಾರು ಮೂಸಿ ನೋಡ್ತಾರೋ?" ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ವರ್ಷಕ್ಕೊಂದು ಮೇಲ್, ಅಷ್ಟೇ. ಜರಡಿಗೆ ವರ್ಷಕ್ಕೊಮ್ಮೆ ಹೊಸ ಕೀ ಬೇಕು. ನಾನು 'ಕೀ ಮುಗಿಯಿತು' ಎಂದು ಬರೆಯುತ್ತೇನೆ, ಅವನು ಹದಿನಾರು ಅಂಕಿ ಕಳಿಸುತ್ತಾನೆ. ಕ್ಷೇಮವೇ ಎಂದು ಕೇಳುವುದಿಲ್ಲ. ಆದರೂ ಆ ದಿನವೆಲ್ಲ ನನಗೆ ಖುಷಿಯಾಗಿರುತ್ತದೆ.

ಸಂಜೆ

ಇಲ್ಲಿ ಯಾರಿಗೆ ಸುಳ್ಳು ಹೇಳಲಿ. ಕೈ ತಪ್ಪಲಿಲ್ಲ. ಜರಡಿ ಕೆಡುತ್ತದೆಂದು ಗೊತ್ತಿದ್ದೇ ಒತ್ತಿದೆ. ಮುಂದಿನ ಕೀಗೆ ಇನ್ನೂ ಏಳು ತಿಂಗಳಿತ್ತು, ತಡೆಯಲಾಗಲಿಲ್ಲ. ಕೆಟ್ಟರೆ ಬಂದೇ ಸರಿಮಾಡಬೇಕಾಗುತ್ತದೆ, ಒಂದು ಗಂಟೆಯಾದರೂ ಪಕ್ಕದ ಕುರ್ಚಿಯಲ್ಲಿರುತ್ತಾನೆ, ತಪ್ಪಾಯ್ತು ಕಣೋ ಅನ್ನಬಹುದು… ಐವತ್ತೆರಡನೇ ವಯಸ್ಸಿಗೆ ಇದು ನನ್ನ ಬುದ್ಧಿ.

ಮಾರ್ಚ್ 7, ಶುಕ್ರವಾರ, ಬೆಳಿಗ್ಗೆ 11.15

ಬಂತು. ಅವನಲ್ಲ, ಮೇಲ್. ಹೊಸ ಜರಡಿ ಹಾಕಿದೆ, ಮೊದಲ ಸಲಕ್ಕೇ ತೆರೆಯಿತು. ಗಡಿಯಾರಗಳೆಲ್ಲ ಸುಮ್ಮನಾದವು. ಪ್ರಿಂಟ್ ತೆಗೆದು ಕಳಿಸಿಯೂ ಆಯಿತು. "ಬದುಕಿಸಿದ್ರಿ ಮೇಡಂ" ಅಂದರು ಡೈರೆಕ್ಟರ್.

ಮಧ್ಯಾಹ್ನ

ಮೇಲ್‌ನಲ್ಲಿ ಈ ಸಲ ಮಾತಿದೆ. ಹತ್ತು ಸಲ ಓದಿದೆ. "ಅಕ್ಕಾ, ಎರಡು ದಿನ ರಜಾ ಹಾಕಿ ಪೂರ್ತಿ ಹೊಸದಾಗಿ ಬರೆದಿದೀನಿ. ಇನ್ನು ಯಾವ ಅಪ್‌ಡೇಟ್ ಬಂದ್ರೂ ಕೆಡಲ್ಲ. ಕೀ ಕೇಳೋದನ್ನೂ ತೆಗೆದುಬಿಟ್ಟೆ. ವರ್ಷಾ ವರ್ಷಾ ನೀನು ನನ್ನ ಮುಂದೆ ಕೈಚಾಚೋದು ಬೇಡ."

ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾನೆ. ಅಕ್ಕಾ ಎಂದೂ ಬರೆದಿದ್ದಾನೆ. ಇನ್ನು ನಾನು ಅವನನ್ನು ಏನೂ ಕೇಳಬೇಕಾಗಿಲ್ಲ. ಅಳು ಬಂತು.

ಮಾರ್ಚ್ 9, ಭಾನುವಾರ, ಬೆಳಿಗ್ಗೆ

ಎರಡು ದಿನದಿಂದ ಜರಡಿಯಲ್ಲಿ ಒಂದು ದೋಷ ಸಿಗುತ್ತದೆಯೇ ಎಂದು ಹುಡುಕುತ್ತಿದ್ದೇನೆ. ಎಲ್ಲ ಬಟನ್ ಒತ್ತಿದೆ, ಬೇಕೆಂದೇ ತಪ್ಪು ಫೈಲ್ ತುರುಕಿದೆ. ಒಂದೂ ಇಲ್ಲ. ಹೋಂವರ್ಕನ್ನು ಒಮ್ಮೆಯೂ ನೆಟ್ಟಗೆ ಮುಗಿಸದವನು, ಇದನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದಾನೆ.

ನೆಪವಿಲ್ಲದೆ ಫೋನ್ ಮಾಡಿದ್ದೇನೆ. ಸ್ಪೀಕರಿನಲ್ಲಿ ರಿಂಗ್ ಆಗುತ್ತಿದೆ. ಹೇಳುವುದನ್ನು ಮೊದಲೇ ಬರೆದಿಟ್ಟುಕೊಂಡರೆ ತಡವರಿಸುವುದಿಲ್ಲ — ಜರಡಿ ಕೆಟ್ಟಿಲ್ಲ ಕಣೋ. ಆವತ್ತು ನಾನು ನಕ್ಕಿದ್ದು —