ಬಾಲವಾಡಿಯಿಂದ ಬಂದ ಬೇರೆ ಮಗು

ರೀ,

ಅತ್ತೆಯವರನ್ನು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಸಾವಿತ್ರಿ ಪಕ್ಕದ ಅಂಬಾಬಾಯಿಯವರ ಮನೆಯಲ್ಲಿದ್ದಾಳೆ. ಮಾರ್ಕೆಟ್ ಯಾರ್ಡಿನಿಂದ ಬಂದ ಕೂಡಲೇ ಅವಳಿಗೆ ಊಟ ಹಾಕಿ. ಸಾರು ಒಲೆಯ ಮೇಲಿದೆ.

ಇವತ್ತು ಅತ್ತೆ ಬಾಲವಾಡಿಯಿಂದ ಬೇರೆಯವರ ಹುಡುಗಿಯನ್ನು ಕೈಹಿಡಿದು ಕರೆತಂದರು. ಅದು ಮರಾಠಿಯಲ್ಲಿ ‘ಆಯೀ’ ಎಂದು ಅಮ್ಮನನ್ನು ಕರೆದು ಅಳತೊಡಗಿದಾಗಲೇ ಅವರಿಗೆ ತಿಳಿದದ್ದು. ಆ ಮಗುವನ್ನು ಎತ್ತಿಕೊಂಡು ಓಡಿದೆ. ಅದರ ತಾಯಿ ಗೇಟಿನಲ್ಲಿ ಮಗುವನ್ನು ಹುಡುಕುತ್ತಿದ್ದಳು, ನಮ್ಮ ಸಾವಿತ್ರಿ ಮೂಲೆಯಲ್ಲಿ ಒಬ್ಬಳೇ ನಿಂತಿದ್ದಳು.

ಅವರ ಕಣ್ಣಿಗೆ ಪೊರೆ ಬಂದಿದೆ ಎಂದು ಎಷ್ಟು ಹೇಳಿದರೂ ನೀವು ‘ವಯಸ್ಸಾಗೇದ, ಇರ್ಲಿ ಬಿಡು’ ಅಂದಿರಿ. ಆಪರೇಷನ್ ಬೇಡವೆಂದು ಹಟ ಹಿಡಿದಿದ್ದ ಅತ್ತೆ ಈಗ ತಾವೇ ಸೀರೆ ಬದಲಿಸಿ ಹೊರಟಿದ್ದಾರೆ. ಅವರನ್ನು ಬೈಯಬೇಡಿ.

‘ಕೂಸಿನ ಮಾರಿ ಮತ್ತ ಕಾಣ್ತದೇನವಾ?’ ಎಂದು ಸಾವಿತ್ರಿಯ ಮುಖ ಸವರಿ ಕೇಳಿದರು. ‘ಕಾಣ್ತದ್ರಿ’ ಎಂದೆ. ಡಾಕ್ಟರು ನೋಡುವ ಮೊದಲೇ ಮಾತು ಕೊಟ್ಟುಬಿಟ್ಟಿದ್ದೇನೆ, ಸಾವಿತ್ರಿಗೆ ಉಣಿಸಿ ನೀವೂ ಬೇಗ ದವಾಖಾನೆಗೆ ಬನ್ನಿ.

ಗೌರಾ